ಎಡಗಡೆ ಸೀಟಿನ ಕೆಳಗಿನ ತುಕ್ಕು

ಹಿಂದೂಪುರ
3 ಫೆಬ್ರವರಿ 2025

ತಿಪ್ಪೇಸ್ವಾಮಿ ಮಾವನಿಗೆ ಉಮಾಶಂಕರ್ ಮಾಡುವ ನಮಸ್ಕಾರಗಳು.

ಯಾವ ಉಮಾಶಂಕರ್ ಎಂದು ಹುಬ್ಬು ಗಂಟಿಕ್ಕಬೇಡಿ. ಸೀರೆ ವ್ಯಾಪಾರದ ರಾಮಲಿಂಗಯ್ಯನ ಮಗ ನಾನು. ನಮ್ಮ ಹಳೆಯ ವ್ಯಾನಿಗೆ ನೀವು ಮೂರು ಸಲ ಟಿಂಕರಿಂಗ್ ಮಾಡಿಕೊಟ್ಟಿದ್ದೀರಿ. "ಕಬ್ಬಿಣದ ವಿಷ್ಯ ಬಂದ್ರೆ ಕಲ್ಯಾಣದುರ್ಗದ ತಿಪ್ಪಣ್ಣನ್ನ ಕೇಳ್ದೆ ಒಂದು ಮೊಳೇನೂ ತಗಾಬ್ಯಾಡ ಕಣ್ಲಾ" ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದರು.

ಹೋದ ವಾರ ನಿಮ್ಮೂರಿಗೆ ಬಂದಿದ್ದೆ. ನಿಮ್ಮ ಶೆಡ್ಡಿಗೆ ಬೀಗ ಹಾಕಿತ್ತು. ಚೌಡಕ್ಕತ್ತೆ ಮಜ್ಜಿಗೆ ಕೊಟ್ಟು, "ಅವ್ರು ಕಂಬದೂರಿಗೆ ಹೋಗವ್ರಪ್ಪ. ಫೋನ್ ಮಾಡಿ ಏನು ಬಂತು? ತಗಡು ಬಡಿದೂ ಬಡಿದೂ ಕಿವಿ ಪೂರಾ ಹೋಗೈತೆ. ಕಾಗ್ದ ಬರಿ, ಓದ್ತಾರೆ" ಎಂದರು. ಅದಕ್ಕೇ ಬರೆಯುತ್ತಿದ್ದೇನೆ. ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದರೆ ನಗಬೇಡಿ.

ವಿಷಯಕ್ಕೆ ಬರುತ್ತೇನೆ. ನಿಮ್ಮೂರಿನ ಕಡಲೆಕಾಯಿ ಮಿಲ್ಲಿನ ಹರಿಕೃಷ್ಣ ತನ್ನ ಕೆಂಪು ಸ್ಪೋರ್ಟ್ಸ್ ಕಾರನ್ನು ಮಾರುತ್ತಿದ್ದಾನೆ. ಇರುವುದು ಎರಡೇ ಸೀಟು. ವರ್ಷಗಟ್ಟಲೆ ಮಿಲ್ಲಿನ ಗೋಡೌನಿನಲ್ಲಿ ಟಾರ್ಪಾಲು ಹೊದ್ದು ನಿಂತಿತ್ತಂತೆ. ನೋಡಿದೆ, ಮನಸ್ಸಿಗೆ ಹಿಡಿಸಿತು. ಕೊಳ್ಳುವುದು ನನಗಲ್ಲ, ಮಗಳು ಬನಶ್ರೀಗೆ. ಅವಳಿಗೆ ಹತ್ತೊಂಬತ್ತು ವರ್ಷ. ಅವಳ ತಾಯಿ ಹೋದ ಮೇಲೆ ಮನೆಯಲ್ಲಿ ನಮ್ಮವ್ವ, ನಾನು, ಅವಳು, ಮೂರೇ ಜನ. ಬೇರೆ ಹುಡುಗಿಯರು ಗೋಡೆಗೆ ಸಿನಿಮಾದವರ ಪಟ ಅಂಟಿಸಿದರೆ ಇವಳು ಇಂಥ ಕಾರಿನ ಪಟ ಅಂಟಿಸಿಕೊಂಡವಳು. ಲೈಸೆನ್ಸ್ ಬಂದ ದಿನದಿಂದ ನನ್ನ ಪ್ರಾಣ ತಿನ್ನುತ್ತಿದ್ದಾಳೆ.

ನನಗಿರುವುದು ಅವಳೊಬ್ಬಳೇ ಮಾವ. ಅವಳು ಕೂರುವ ಗಾಡಿ ಗಟ್ಟಿಯಾಗಿರಬೇಕು. ಸೀರೆಯಾದರೆ ಒಳಮೈ ತಿರುಗಿಸಿ ನೋಡಿ ಅದರ ಜಾತಕವನ್ನೇ ಹೇಳಿಬಿಡುತ್ತೇನೆ. ಕಾರಿನ ಒಳಮೈ ನನಗೆ ತಿಳಿಯುವುದಿಲ್ಲ. ತುಕ್ಕು ಇದೆಯೋ ಇಲ್ಲವೋ ನೀವು ನೋಡಿ ಹೇಳಿ. ಹೂಂ ಅಂದರೆ ಕೊಳ್ಳುತ್ತೇನೆ, ಊಹೂಂ ಅಂದರೆ ಬಿಡುತ್ತೇನೆ.

ನಿಮ್ಮ
ಉಮಾಶಂಕರ್


ಕಲ್ಯಾಣದುರ್ಗ
8 ಫೆಬ್ರವರಿ 2025

ಚಿ. ಉಮಾಶಂಕರನಿಗೆ ತಿಪ್ಪೇಸ್ವಾಮಿಯ ಆಶೀರ್ವಾದ.

ನಿನ್ನ ಅಪ್ಪನ ಅಕ್ಷರ ಕೋಳಿ ಕೆರೆದ ಹಾಗಿತ್ತು. ನಿನ್ನದು ಕೋಳಿಮರಿ ಕೆರೆದ ಹಾಗಿದೆ. ಅಂತೂ ಓದಿಕೊಂಡೆ. ಆ ಕಾರಿನ ವಿಷಯಕ್ಕೆ ನೀನು ಬೇರೆ ಯಾರನ್ನಾದರೂ ಕೇಳಿದ್ದರೆ ಚೆನ್ನಾಗಿತ್ತು. ಆದರೆ ರಾಮಲಿಂಗಯ್ಯನ ಮಗ ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಎನ್ನಲಾರೆ.

ಮೊದಲು ಒಂದು ಬುದ್ಧಿಮಾತು. ಬಣ್ಣ ನೋಡಿ ಕಾರು ಕೊಳ್ಳುವವನು ಮೂರ್ಖ. ಬೆಳ್ಳಗಿರುವುದೆಲ್ಲ ಹಾಲಲ್ಲ. ತುಕ್ಕು ಯಾವತ್ತೂ ಕಣ್ಣಿಗೆ ಕಾಣುವ ಕಡೆ ಹುಟ್ಟುವುದಿಲ್ಲ. ನೀರು ಹೋಗಿ ನಿಲ್ಲುವ ಮೂಲೆಯಲ್ಲಿ ಹುಟ್ಟಿ ಒಳಗಿನಿಂದ ತಿಂದುಕೊಂಡು ಬರುತ್ತದೆ. ನಿನಗೆ ಬಣ್ಣದ ಮೇಲೆ ಒಂದು ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತಗಡು ಹಪ್ಪಳವಾಗಿರುತ್ತದೆ.

ನಿನ್ನೆ ಮಿಲ್ಲಿಗೆ ಹೋಗಿದ್ದೆ. ಮ್ಯಾಗ್ನೆಟ್ಟಿಗೆ ಬಟ್ಟೆ ಸುತ್ತಿ ಮೈಯೆಲ್ಲ ಆಡಿಸಿದೆ. ಪುಟ್ಟಿ ತುಂಬಿ ಮುಚ್ಚಿದ ಕಡೆ ಅದು ಹಿಡಿಯದೆ ಜಾರುತ್ತದೆ. ಎಲ್ಲೂ ಜಾರಲಿಲ್ಲ. ಕಿವಿ ಇದ್ದಾಗ ಬೆರಳಲ್ಲಿ ತಟ್ಟಿ ಸದ್ದು ಕೇಳುತ್ತಿದ್ದೆ, ಈಗ ಅಂಗೈ ಇಟ್ಟು ತಟ್ಟುತ್ತೇನೆ, ತಗಡು ಅದುರುವುದು ಕೈಗೆ ತಿಳಿಯುತ್ತದೆ. ಚಕ್ರದ ಮೇಲಿನ ಕಮಾನು ಗಟ್ಟಿ ಇದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಕೆಳಗೆ ನೋಡಿದೆ, ಒಣಗಿದೆ. ಬ್ಯಾಟರಿ ಕೂರುವ ತಟ್ಟೆ, ಜ್ಯಾಕ್ ಕೊಡುವ ಜಾಗ, ಬ್ರೇಕಿನ ಪೈಪು, ಯಾವುದರಲ್ಲೂ ದೋಷವಿಲ್ಲ. ಹೊರಗಿನ ಲೆಕ್ಕದಲ್ಲಿ ನಿನ್ನ ಮಗಳ ಅದೃಷ್ಟ ಚೆನ್ನಾಗಿದೆ.

ಒಳಗಿನ ಮ್ಯಾಟ್ ಎತ್ತಿ ತಳದ ತಗಡು ನೋಡುವುದು ಬಾಕಿ. ಹರಿಕೃಷ್ಣ ಕಾರಿನ ಬಲಗಡೆಯೇ ನಿಂತಿದ್ದ, ಎಡಗಡೆಯ ಬಾಗಿಲ ಹತ್ತಿರ ಸುಳಿಯಲಿಲ್ಲ. ನಾನೂ ಆ ಕಡೆ ತೆಗೆಯಲಿಲ್ಲ. ಊಟದ ಹೊತ್ತಾಗಿತ್ತು. ಇನ್ನೊಂದು ದಿನ ಹೋಗುತ್ತೇನೆ.

ತಿಪ್ಪೇಸ್ವಾಮಿ


ಕಲ್ಯಾಣದುರ್ಗ
13 ಫೆಬ್ರವರಿ 2025

ಚಿ. ಉಮಾಶಂಕರನಿಗೆ,

ಬೇಡ ಮಗ. ಬಿಟ್ಟುಬಿಡು.

ಕಾರಣ ಕೇಳುತ್ತೀಯ, ಅದಕ್ಕೆ ಬರೆಯುತ್ತೇನೆ. ಡ್ರೈವರ್ ಕಡೆಯ ತಳ ಹೊಸ ತಟ್ಟೆಯಂತಿದೆ. ಎಡಗಡೆ, ಪಕ್ಕದವರು ಕೂರುವ ಕಡೆ, ಮ್ಯಾಟ್ ಒದ್ದೆಯಾಗಿತ್ತು. ಹಿಂಡಿದರೆ ನೀರು ಬಂತು. ನಮ್ಮ ಕಡೆ ನವೆಂಬರಿನಿಂದ ಒಂದು ಹನಿ ಬಿದ್ದಿಲ್ಲ. ಗೋಡೌನಿನ ಸೂರು ಸೋರುವುದಿಲ್ಲ. ಎಂಜಿನ್ನಿನ ನೀರು ಒಳಗೆ ಬರುತ್ತಿದೆಯೋ ಎಂದು ಪೈಪುಗಳನ್ನೆಲ್ಲ ಒರೆಸಿ ನೋಡಿದೆ, ಅದೂ ಇಲ್ಲ. ಮ್ಯಾಟ್ ಕಿತ್ತು ಬಿಸಿಲಿಗೆ ಹಾಕಿ ಒಣಗಿಸಿ ಮತ್ತೆ ಹಾಸಿ ಬಂದೆ. ಮಾರನೆಯ ದಿನ ಹೋದರೆ ಮತ್ತೆ ಒದ್ದೆ.

ಅದರ ಕೆಳಗೆ ತುಕ್ಕು ಹಿಡಿದಿದೆ. ಬೇರೆಲ್ಲೂ ಇಲ್ಲ, ಎರಡೇ ಕಡೆ. ಎರಡು ಪಾದದ ಆಕಾರ. ಚಿಕ್ಕ ಪಾದ, ಹೆಣ್ಣುಮಗಳದು. ಬೆರಳು ಎಣಿಸಬಹುದು. ಬೆರಳ ಕಡೆ ತುಕ್ಕು ಆಳಕ್ಕೆ ಇಳಿದಿದೆ, ಹಿಮ್ಮಡಿಯ ಕಡೆ ತೆಳ್ಳಗಿದೆ. ಕೂತವರು ನೆಲಕ್ಕೆ ಕಾಲು ಒತ್ತಿ ಜೋರಾಗಿ ಏನನ್ನೋ ತಳ್ಳಿದರೆ ಹೀಗಾಗುತ್ತದೆ. ನಲವತ್ತು ವರ್ಷ ತುಕ್ಕು ಕೆರೆದವನು ನಾನು. ಇಂಥದ್ದನ್ನು ಕಂಡಿಲ್ಲ.

ಮಗಳಿಗೆ ಬೇರೆ ಕಾರು ನೋಡು.

ತಿಪ್ಪೇಸ್ವಾಮಿ


ಹಿಂದೂಪುರ
19 ಫೆಬ್ರವರಿ 2025

ತಿಪ್ಪೇಸ್ವಾಮಿ ಮಾವನಿಗೆ,

ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಅಂಗೈಯಗಲದ ಎರಡು ಕಲೆಗೆ ಇಡೀ ಕಾರನ್ನೇ ಬೇಡ ಅಂದರೆ ಹೇಗೆ? ಆ ತಗಡು ಕತ್ತರಿಸಿ ಹೊಸದು ಬೆಸೆದರೆ ಆಯಿತಲ್ಲ. ಯಾರೋ ಒದ್ದೆ ಕಾಲಲ್ಲಿ ಕೂತಿರುತ್ತಾರೆ, ಗುರುತು ಬಿದ್ದಿರುತ್ತದೆ.

ಹರಿಕೃಷ್ಣನಿಗೆ ಫೋನ್ ಮಾಡಿ ನೀವು ಬೇಡ ಅಂದಿದ್ದನ್ನು ಹೇಳಿದೆ. ಅವನು, "ಆ ಮಾವನಿಗೆ ನನ್ ಮ್ಯಾಲೆ ಏನೋ ಸಿಟ್ಟೈತಣ್ಣ. ಎಂಟು ವರ್ಸದಿಂದ ನಾನು ಎದುರಿಗೆ ಬಂದ್ರೆ ಬೀದಿ ದಾಟಿ ಆ ಕಡೆ ಹೋಯ್ತಾನೆ. ಎಂದುಕೋ ನಾಕೇ ತೆಲೀದು, ಯಾಕಂತ ನಂಗೇ ಗೊತ್ತಿಲ್ಲ" ಎಂದ.

ನನಗೆ ಒಂದು ಅನುಮಾನ ಬಂತು, ಮುಚ್ಚಿಡದೆ ಹೇಳುತ್ತೇನೆ. ನಿಮ್ಮ ನಡುವೆ ಹಳೆಯ ಜಗಳ ಏನಾದರೂ ಇದ್ದರೆ, ಅಥವಾ ಕಾರನ್ನು ಇನ್ಯಾರಿಗೋ ಕೊಡಿಸುವ ಯೋಚನೆ ನಿಮಗಿದ್ದರೆ, ಅದನ್ನು ನನ್ನ ಮಗಳ ಆಸೆಯ ಮೇಲೆ ತೀರಿಸಿಕೊಳ್ಳಬೇಡಿ. ಅವಳು ಫೋಟೋ ನೋಡಿ ನೋಡಿ ನಿದ್ದೆಯಲ್ಲೂ ಗೇರ್ ಹಾಕುತ್ತಿದ್ದಾಳೆ.

ಉಮಾಶಂಕರ್


ಕಲ್ಯಾಣದುರ್ಗ
24 ಫೆಬ್ರವರಿ 2025

ಚಿ. ಉಮಾಶಂಕರನಿಗೆ,

ನಿನ್ನ ಅಪ್ಪ ಇದ್ದಿದ್ದರೆ ಈ ಮಾತಿಗೆ ನಿನ್ನ ಕೆನ್ನೆಗೆ ಬಾರಿಸುತ್ತಿದ್ದ. ಹೋಗಲಿ, ನಿನಗೆ ಮಗಳ ಮೇಲಿನ ಪ್ರೀತಿ ಕಣ್ಣು ಮುಚ್ಚಿದೆ.

ಕೇಳು. ಅದು ನೀರು ಕುಡಿದ ಕಾರು. ಎಂಟು ವರ್ಷದ ಹಿಂದೆ ಒಂದು ದೊಡ್ಡ ಮಳೆ ಬಂದು ಕಂಬದೂರು ರಸ್ತೆಯ ಹಳ್ಳ ಸೇತುವೆಯ ಮೇಲೆ ಹರಿಯಿತು. ಹಳ್ಳ ಆ ಕಾರನ್ನು ಎಳೆದುಕೊಂಡು ಹೋಗಿ ಜಾಲಿಗಿಡಗಳ ನಡುವೆ ಮುಳುಗಿಸಿತ್ತು. ಎತ್ತಿಸಿ ನನ್ನ ಶೆಡ್ಡಿಗೇ ತಂದರು. ತೊಳೆದು, ಒಣಗಿಸಿ, ಬಣ್ಣ ಹೊಡೆದವನು ನಾನೇ. ಅದಕ್ಕೇ ಮ್ಯಾಗ್ನೆಟ್ಟಿನಲ್ಲಿ ಏನೂ ಸಿಗಲಿಲ್ಲ, ನಾನು ಪುಟ್ಟಿ ಬಳಿಯುವವನಲ್ಲ. ನೀರು ಕುಡಿದ ಕಾರಿನ ವೈರು, ಬೀಗ, ಯಾವುದನ್ನೂ ನಂಬಬಾರದು. ಇದು ಟಿಂಕರ್ ಹೇಳುವ ಮಾತು, ಜಗಳದ ಮಾತಲ್ಲ.

ಇದಕ್ಕಿಂತ ಹೆಚ್ಚು ಕೇಳಬೇಡ. ಬಿಟ್ಟೆ ಎಂದು ಒಂದು ಸಾಲು ಬರೆ, ಸಾಕು.

ತಿಪ್ಪೇಸ್ವಾಮಿ


ಹಿಂದೂಪುರ
9 ಏಪ್ರಿಲ್ 2025

ತಿಪ್ಪೇಸ್ವಾಮಿ ಮಾವನಿಗೆ,

ಆರು ವಾರ ನಿಮಗೆ ಬರೆಯದೆ ಇದ್ದದ್ದು ತಪ್ಪು. ಬರೆಯಲು ಮುಖ ಇರಲಿಲ್ಲ. ನಿಮ್ಮ ಕಾಗದ ಬರುವ ಮೊದಲೇ ಮುಂಗಡ ಕೊಟ್ಟಾಗಿತ್ತು. ಮಾರ್ಚ್ ಎರಡಕ್ಕೆ ಕಾರು ಮನೆಗೆ ತಂದೆ.

ಇಲ್ಲಿಯ ಟಿಂಕರ್ ಹತ್ತಿರ ಎಡಗಡೆಯ ತಳ ಪೂರ್ತಿ ಕತ್ತರಿಸಿ ತೆಗೆಸಿ ಹೊಸ ತಗಡು ಹಾಕಿಸಿದೆ. ನನ್ನ ಕಣ್ಣೆದುರೇ ಮಾಡಿಸಿದೆ. ಇನ್ನೇನು ಭಯ ಎಂದು ಮನೆಯಲ್ಲಿ ಪೂಜೆ ಇಟ್ಟುಕೊಂಡೆವು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಅಜ್ಜನ ಕಾಲದ ಗುಂಡಿ ಮಗ್ಗ ಇನ್ನೂ ಇಟ್ಟುಕೊಂಡಿದ್ದೇವೆ. ಅದಕ್ಕೆ ಹೊಸ ಹಾಸು ನೂಲು ಏರಿಸಿದ ದಿನ ಮದುವೆಯಾಗದ ಮನೆಮಗಳು ಕಾಲು ತೊಳೆದುಕೊಂಡು, ಒರೆಸದೆ, ಒದ್ದೆ ಪಾದವನ್ನೇ ಮಗ್ಗದ ಗುಂಡಿಗೆ ಇಳಿಬಿಟ್ಟು ಒಂದು ಗಳಿಗೆ ಕೂರಬೇಕು. ಆಮೇಲೆಯೇ ನೇಯುವವರು ಕೂರುವುದು. ಅವ್ವ ಕಾರಿಗೂ ಹಾಗೇ ಆಗಬೇಕು ಎಂದಳು. "ಓಡಿಸೋ ಸೀಟಲ್ಲಿ ಬ್ಯಾಡ, ಪಕ್ಕದಾಗೆ ಕೂತ್ಕೊಳಮ್ಮಿ. ಕಾಲು ಚೆನ್ನಾಗಿ ಒತ್ತು, ಲಕ್ಷ್ಮಿ ನೆಲೆ ನಿಲ್ತಾಳೆ" ಎಂದು ಅವಳೇ ಚೊಂಬಿನಿಂದ ನೀರು ಹಾಕಿದಳು. ಬನಶ್ರೀ ನಗುತ್ತಾ ಎಡಗಡೆ ಹತ್ತಿ ಕೂತಳು. ನಾನು ಫೋಟೋ ತೆಗೆದೆ.

ಅವತ್ತಿನಿಂದ ಅವಳ ಕಾಲು ಒಣಗುತ್ತಿಲ್ಲ ಮಾವ.

ಮೊದಲು ನಾವು ಬೈದೆವು, ಕಾಲು ಒರೆಸಿಕೊಂಡು ಒಳಗೆ ಬಾ ಎಂದು. "ಒರೆಸ್ಕೊಂಡಿದೀನಪ್ಪ" ಎಂದಳು. ಈಗ ಪಡಸಾಲೆಯಲ್ಲಿ ಮಟಮಟ ಮಧ್ಯಾಹ್ನ ಒದ್ದೆ ಹೆಜ್ಜೆ ಮೂಡುತ್ತವೆ, ಅವಳು ಮಲಗಿ ನಿದ್ದೆ ಮಾಡುತ್ತಿರುವಾಗ. ಅಂಗಾಲು ಕಂದು ಬಣ್ಣಕ್ಕೆ ತಿರುಗಿದೆ. ಸೀಗೆಪುಡಿ, ನಿಂಬೆಹುಳಿ, ಏನು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಡಾಕ್ಟರು ಚರ್ಮದ ಮುಲಾಮು ಬರೆದುಕೊಟ್ಟರು. ಮೂಸಿದರೆ ಹಳೆಯ ಕಬ್ಬಿಣದ ವಾಸನೆ ಬರುತ್ತದೆ. ನಿನ್ನೆ ಧೈರ್ಯ ಮಾಡಿ ಕಾರಿನ ಮ್ಯಾಟ್ ಎತ್ತಿದೆ. ಹೊಸ ತಗಡಿನ ಮೇಲೆ ಅವೇ ಎರಡು ಪಾದಗಳಿವೆ.

ನಿಮಗೆ ಇನ್ನೇನಾದರೂ ಗೊತ್ತಿದ್ದರೆ ಹೇಳಿ. ನಿಮ್ಮ ಕಾಲಿಗೆ ಬೀಳುತ್ತೇನೆ.

ಉಮಾಶಂಕರ್


ಕಲ್ಯಾಣದುರ್ಗ
12 ಏಪ್ರಿಲ್ 2025

ಚಿ. ಉಮಾಶಂಕರನಿಗೆ,

ನೀನು ಸುಮ್ಮನಾದದ್ದು ನೋಡಿ ಕಾರು ಬಿಟ್ಟೆ ಎಂದುಕೊಂಡು ನೆಮ್ಮದಿಯಾಗಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಿನ್ನನ್ನು ಬೈಯಲು ಕೂತೆ, ಕೈ ಬರಲಿಲ್ಲ. ಈ ಕಾಗದವನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ, ಅಂಚೆಗೆ ಕಾಯುವ ಹೊತ್ತಲ್ಲ.

ಹೋದ ಸಲ ಅರ್ಧ ಹೇಳಿದ್ದೆ. ಆ ಕಾರು ಮುಳುಗಿದಾಗ ಒಳಗೆ ಇಬ್ಬರಿದ್ದರು. ಓಡಿಸುತ್ತಿದ್ದವನು ಹರಿಕೃಷ್ಣ. ಪಕ್ಕದಲ್ಲಿ ಅವನ ತಂಗಿ ತನುಜಾ, ಆಗ ಅವಳಿಗೂ ಹತ್ತೊಂಬತ್ತು. ಅವನು ತನ್ನ ಬಾಗಿಲು ತಳ್ಳಿಕೊಂಡು ಹೊರಗೆ ಬಿದ್ದು ಬದುಕಿದ. ಅವಳು ಬರಲಿಲ್ಲ. ಮಾರನೆಯ ದಿನ ನೀರಿಳಿದ ಮೇಲೆ ನೋಡಿದರೆ ಸೀಟಿನಲ್ಲೇ ಇದ್ದಳು, ಎರಡೂ ಕಾಲು ನೆಲಕ್ಕೆ ಒತ್ತಿಕೊಂಡು.

ಊರವರು ಹರಿಕೃಷ್ಣನ ಎದುರಿಗೆ ಏನೂ ಅನ್ನಲಿಲ್ಲ. ಹಿಂದೆ ಆಡಿಕೊಂಡರು, ತಂಗಿಯನ್ನು ಬಿಟ್ಟು ತಾನು ಬಂದ ಎಂದು. ಅವನು ಮದುವೆಯೂ ಆಗಲಿಲ್ಲ. ಕಾರನ್ನು ಮಾರಲೂ ಇಲ್ಲ, ಹತ್ತಲೂ ಇಲ್ಲ. ಈಗ ಯಾಕೆ ಮಾರಿದನೋ ನನಗೆ ಗೊತ್ತಿಲ್ಲ.

ಮಗುವನ್ನು ಆ ಕಾರಿನ ಹತ್ತಿರ ಬಿಡಬೇಡ. ನಿಮ್ಮ ಮನೆದೇವರು ಬನಶಂಕರಿಗೆ ಹರಕೆ ಕಟ್ಟು. ನನಗೆ ಗೊತ್ತಿರುವುದು ಇಷ್ಟೇ.

ತಿಪ್ಪೇಸ್ವಾಮಿ


ಹಿಂದೂಪುರ
20 ಏಪ್ರಿಲ್ 2025

ಮಾವ,

ಕಾರಿಗೆ ಬೀಗ ಹಾಕಿ ಹಿತ್ತಲಿಗೆ ತಳ್ಳಿಸಿದ್ದೇನೆ. ಹರಕೆ ಕಟ್ಟಿದೆವು. ತಾಯಿತ ಕಟ್ಟಿಸಿದೆವು. ಸೋಮಂದೇಪಲ್ಲಿಯಿಂದ ಮಂತ್ರ ಹಾಕುವವರು ಬಂದು, ಕೋಳಿ ಕೇಳಿ, ಕೋಳಿ ತಿಂದು ಹೋದರು. ಕೋಳಿಗೆ ಮುಕ್ತಿ ಸಿಕ್ಕಿತು, ಅಷ್ಟೇ. ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ಈಗ ಹೊಸದೊಂದು ಶುರುವಾಗಿದೆ. ಬನಶ್ರೀ ಬಾಗಿಲು ತೆಗೆಯುವುದಿಲ್ಲ.

ನಾಲ್ಕು ದಿನದ ಹಿಂದೆ ಮಧ್ಯಾಹ್ನ ಅವಳ ಕೋಣೆಯ ಬಾಗಿಲು ಗಾಳಿಗೆ ಮುಚ್ಚಿಕೊಂಡಿತು. ಚಿಲಕ ಹಾಕಿರಲಿಲ್ಲ. ಒಳಗಿನಿಂದ ತಟ್ಟುವ ಸದ್ದು ಕೇಳಿ ಹೋದೆ. "ಎಳ್ಕೊಂಡು ಬಾಮ್ಮ, ತೆರೆದೇ ಐತಲ್ಲ" ಎಂದೆ. ತಟ್ಟುವುದು ನಿಲ್ಲಲಿಲ್ಲ. ನಾನೇ ತೆರೆದೆ. ಬಾಗಿಲಿಗೆ ಮೈ ಒತ್ತಿಕೊಂಡು ನಿಂತಿದ್ದಳು. ಬೆವತು ಹೋಗಿದ್ದಳು. ಯಾಕಮ್ಮ ಎಂದರೆ, "ಒಳಗಿಂದ ಬರಲ್ಲಪ್ಪ. ಹೊರಗಿಂದ ಯಾರಾದ್ರೂ ತೆಗೀಬೇಕು" ಎಂದಳು. ದನಿ ಅವಳದೇ. ಹೇಳುವ ರೀತಿ ಅವಳದಲ್ಲ.

ಅಂದಿನಿಂದ ದಿನಾ ಇದೇ ಆಗಿದೆ. ಬಚ್ಚಲಮನೆ, ಕೋಣೆ, ಅಡುಗೆಮನೆ, ಯಾವ ಬಾಗಿಲು ಮುಚ್ಚಿದರೂ ಒಳಗೆ ನಿಂತು ತಟ್ಟುತ್ತಾಳೆ. ಅವ್ವ ಮನೆಯ ಬಾಗಿಲುಗಳನ್ನೆಲ್ಲ ಕಲ್ಲು ಕೊಟ್ಟು ತೆರೆದಿಟ್ಟಿದ್ದಾಳೆ. ಆದರೂ ಹೊಸ್ತಿಲಲ್ಲಿ ನಿಂತು ಬರಿಯ ಗಾಳಿಯನ್ನು ತಳ್ಳುತ್ತಾಳೆ. ಆಚೆ ಬರುವುದಿಲ್ಲ. ನಿನ್ನೆಯಿಂದ ಊಟ ಬಿಟ್ಟಿದ್ದಾಳೆ. ನನ್ನನ್ನು ನೋಡಿ, "ಮಾವ ಆಯ್ತು ಅಂದಿದ್ರು, ಆದ್ರೂ ಬರ್ತಿಲ್ಲ" ಎಂದಳು. ಯಾವ ಮಾವ ಎಂದು ಕೇಳಿದೆ. ಹೇಳಲಿಲ್ಲ.

ನನ್ನ ಮಗಳು ನನ್ನ ಕಣ್ಣೆದುರೇ ಹೋಗುತ್ತಿದ್ದಾಳೆ. ನೀವು ಇಷ್ಟೇ ಗೊತ್ತು ಎಂದಿರಿ. ನಿಜವಾಗಿಯೂ ಇಷ್ಟೇನಾ?

ಉಮಾಶಂಕರ್


ಕಲ್ಯಾಣದುರ್ಗ
24 ಏಪ್ರಿಲ್ 2025

ಉಮಾ,

ನಿನ್ನ ಕಾಗದ ಓದಿ ಎರಡು ದಿನ ಊಟ ಇಳಿಯಲಿಲ್ಲ. ಚೌಡಕ್ಕ ಏನಾಯಿತು ಎಂದು ಕೈಸನ್ನೆ ಮಾಡಿ ಮಾಡಿ ಸೋತಳು. ಅವಳಿಗೂ ಹೇಳಿಲ್ಲ. ಎಂಟು ವರ್ಷದಿಂದ ಯಾರಿಗೂ ಹೇಳಿಲ್ಲ.

ಆ ಮಾವ ನಾನೇ.

ಮಳೆಗೆ ಎರಡು ದಿನ ಮೊದಲು ತನುಜಾ ಕಾರನ್ನು ತಾನೇ ಓಡಿಸಿಕೊಂಡು ಶೆಡ್ಡಿಗೆ ಬಂದಿದ್ದಳು. ಆಗ ನನಗೆ ಕಿವಿ ಕೇಳುತ್ತಿತ್ತು. "ಮಾವ, ಈ ಕಡೆ ಡೋರು ಒಳಗಿಂದ ಬರಲ್ಲ. ಹೊರಗಿಂದ ಯಾರಾದ್ರೂ ತೆಗೀಬೇಕು. ಅಣ್ಣಂಗೆ ಹೇಳಿದ್ರೆ ಬೈತಾನೆ, ನಾನೇ ಎಳೆದು ಮುರಿದೆ ಅಂತಾನೆ. ನೀವೇ ಸರಿಮಾಡ್ಬುಡಿ" ಎಂದಳು. ಎಡಗಡೆಯ ಬಾಗಿಲಿನ ಒಳಹಲಗೆ ಬಿಚ್ಚಿದೆ. ಆ ಕಾರು ಹರಿಕೃಷ್ಣ ಕೊಳ್ಳುವ ಮೊದಲು ಸಮುದ್ರದ ಊರಿನಲ್ಲಿತ್ತು. ಒಳಗಿನ ಹಿಡಿಯಿಂದ ಬೀಗಕ್ಕೆ ಹೋಗುವ ಕಂಬಿ ಉಪ್ಪುಗಾಳಿಗೆ ತುಕ್ಕು ಹಿಡಿದು ತುಂಡಾಗಿತ್ತು. ಹೊಸ ಕಂಬಿ ಅನಂತಪುರದಿಂದ ತರಿಸಬೇಕು. ನನಗೆ ಅವತ್ತು ಒಂದು ನಂಟರ ಮನೆಯ ಕೆಲಸಕ್ಕೆ ಹೊರಡುವ ಆತುರ. ತುಂಡಾದ ಎರಡು ತುದಿಗೂ ತಂತಿ ಸುತ್ತಿ ಕಟ್ಟಿದೆ. ಒಮ್ಮೆ ಎಳೆದು ನೋಡಿದೆ, ತೆರೆಯಿತು. "ಆಯ್ತು ಕಣಮ್ಮ, ಹೋಗು" ಎಂದೆ. ಇದು ತಾತ್ಕಾಲಿಕ ಎಂದು ಹೇಳಲಿಲ್ಲ. ತುಕ್ಕು ಹಿಡಿದ ಕಬ್ಬಿಣಕ್ಕೆ ಕಟ್ಟಿದ ತಂತಿ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮುಳುಗಿದ ಕಾರು ನನ್ನ ಶೆಡ್ಡಿಗೆ ಬಂದಾಗ ಮೊದಲು ಬಿಚ್ಚಿದ್ದು ಆ ಬಾಗಿಲನ್ನೇ. ತಂತಿ ಜಾರಿತ್ತು. ಅವಳು ಎಷ್ಟು ಎಳೆದಿದ್ದಳೋ, ಹಿಡಿ ಬುಡದಲ್ಲಿ ಬಿರುಕು ಬಿಟ್ಟಿತ್ತು. ನಾನು ಹೊಸ ಕಂಬಿ, ಹೊಸ ಹಿಡಿ ಹಾಕಿ, ಹಲಗೆ ಮುಚ್ಚಿ, ಬಣ್ಣ ಹೊಡೆದು ಕೊಟ್ಟೆ. ಈಗ ಆ ಬಾಗಿಲು ಬೆರಳಲ್ಲಿ ಎಳೆದರೂ ತೆರೆಯುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹರಿಕೃಷ್ಣ ಎದುರಿಗೆ ಬಂದರೆ ಬೀದಿ ದಾಟುತ್ತಿದ್ದದ್ದು ಸಿಟ್ಟಿಗಲ್ಲ. ನಿನಗೆ ಕಾರು ಬೇಡ ಎಂದದ್ದು ನಿನ್ನ ಮಗಳ ಮೇಲಿನ ಕಾಳಜಿಯಿಂದ ಎಂದು ಹೇಳಿಕೊಳ್ಳಬೇಕು ಅನ್ನಿಸುತ್ತದೆ. ಪೂರ್ತಿ ನಿಜ ಅದಲ್ಲ. ಆ ಬಾಗಿಲನ್ನು ಇನ್ನೊಬ್ಬ ಟಿಂಕರ್ ಬಿಚ್ಚಿದರೆ ಕಂಬಿ ಹೊಸದು ಎಂದು ತಿಳಿಯುತ್ತದೆ, ಯಾಕೆ ಬದಲಾಯಿಸಿದ್ದು ಎಂದು ಕೇಳುತ್ತಾರೆ ಎಂಬ ಭಯವೂ ಇತ್ತು. ಮೊದಲ ಕಾಗದದಲ್ಲೇ ಇದನ್ನು ಬರೆದಿದ್ದರೆ ನೀನು ಮಗಳನ್ನು ಅಲ್ಲಿ ಕೂರಿಸುತ್ತಿರಲಿಲ್ಲ.

ತಿಪ್ಪೇಸ್ವಾಮಿ


ಹಿಂದೂಪುರ
28 ಏಪ್ರಿಲ್ 2025

ತಿಪ್ಪೇಸ್ವಾಮಿಯವರಿಗೆ,

ನಿಮಗೆ ಬಾಯಿಗೆ ಬಂದ ಹಾಗೆ ಬರೆದು ಎರಡು ಹಾಳೆ ಹರಿದು ಹಾಕಿದೆ. ನಾನು ಕೇಳಿದ್ದು ಒಂದೇ ಮಾತು, ತುಕ್ಕು ಇದೆಯೇ ಎಂದು. ನೀವು ನಾಲ್ಕು ಕಾಗದ ಬರೆದಿರಿ, ಇರುವ ಜಾಗ ಮಾತ್ರ ಹೇಳಲಿಲ್ಲ. ನಾನೂ ಸಾಚಾ ಅಲ್ಲ. ಊಹೂಂ ಅಂದರೆ ಬಿಡುತ್ತೇನೆ ಎಂದವನು ಬಿಡಲಿಲ್ಲ. ಆದರೆ ಅದನ್ನು ಅನುಭವಿಸುತ್ತಿರುವುದು ಬನಶ್ರೀ.

ಕಾರನ್ನು ನಿಮ್ಮ ಶೆಡ್ಡಿಗೆ ಲಾರಿಯಲ್ಲಿ ಕಳಿಸಿದ್ದೇನೆ. ಕತ್ತರಿಸುತ್ತೀರೋ, ಸುಡುತ್ತೀರೋ, ನಿಮಗೆ ಬಿಟ್ಟದ್ದು. ಲಾರಿ ಬೀದಿ ದಾಟಿದ ಮೇಲೆ ಓಡಿ ಒಳಗೆ ಬಂದು ನೋಡಿದೆ. ಅವಳು ಹೊಸ್ತಿಲಲ್ಲೇ ನಿಂತು ತಳ್ಳುತ್ತಿದ್ದಳು. ಕಾರು ಹೋಯಿತು, ಇದು ಹೋಗಲಿಲ್ಲ. ನೀರು ಮಾತ್ರ ಕುಡಿಯುತ್ತಾಳೆ, ಅದೂ ಅವ್ವ ಬಾಯಿಗಿಟ್ಟರೆ.

ನೀವು ನನಗೆ ಹೇಳಿದ್ದರಿಂದ ಏನೂ ಆಗಲಿಲ್ಲ. ಯಾಕೆಂದರೆ ಹೇಳಬೇಕಾದದ್ದು ನನಗಲ್ಲ. ಆ ಹರಿಕೃಷ್ಣ ನಿಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾನೆ. ಎಂಟು ವರ್ಷ ಅವನು ಏನೆಂದುಕೊಂಡು ಬದುಕಿದನೋ ಹೋಗಿ ಕೇಳಿ. ಹೋಗದಿದ್ದರೆ ನನಗೆ ಇನ್ನು ಬರೆಯಬೇಡಿ.

ಉಮಾಶಂಕರ್


ಹಿಂದೂಪುರ
7 ಮೇ 2025

ಮಾವ,

ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಬನಶ್ರೀ ತಾನೇ ಹೊಸ್ತಿಲು ದಾಟಿ ಹೊರಗೆ ಬಂದಳು. "ಅಜ್ಜೀ, ಹಸಿವು" ಎಂದಳು. ಮೂರು ಮುದ್ದೆ ಉಂಡಳು. ಪಾದ ಒಣಗಿದೆ. ಬಣ್ಣ ಇನ್ನೂ ಇದೆ, ಆದರೆ ಉಜ್ಜಿದರೆ ಬಿಡುತ್ತಿದೆ. ಒಂದೂವರೆ ತಿಂಗಳಿನದು ಅವಳಿಗೆ ನೆನಪಿಲ್ಲ. ಅವ್ವ ಅಳುತ್ತಾ ಮನೆಯ ಬಾಗಿಲುಗಳನ್ನೆಲ್ಲ ಮುಚ್ಚಿದಳು, ಇವಳು ತೆರೆದಳು. ಅದೊಂದು ಆಟದ ಹಾಗೆ ಸಂಜೆಯವರೆಗೂ ನಡೆಯಿತು.

ನಿನ್ನೆ ಮೂರು ಗಂಟೆಗೆ ಅಲ್ಲಿ ಏನಾಯಿತು? ನೀವು ಏನು ಮಾಡಿದಿರಿ?

ಉಮಾಶಂಕರ್


ಕಲ್ಯಾಣದುರ್ಗ
10 ಮೇ 2025

ಚಿ. ಉಮಾಶಂಕರನಿಗೆ,

ನಿನ್ನ ಕಾಗದ ಓದಿ ಚೌಡಕ್ಕನ ಎದುರಿಗೇ ಅತ್ತೆ. ಮಗು ಉಂಡಿತು ಎನ್ನುವ ಸಾಲನ್ನು ನಾಲ್ಕು ಸಲ ಓದಿದೆ.

ನಾನು ಏನು ಮಾಡಿದೆ ಎಂದು ಕೇಳಿದ್ದೀಯ. ಕಾರು ಬಂದ ದಿನವೇ ಎಡಗಡೆಯ ಬಾಗಿಲನ್ನು ಕೀಲುಸಮೇತ ಕಿತ್ತೆ. ಬಾಗಿಲೇ ಇಲ್ಲದ ಮೇಲೆ ಇಳಿದು ಹೋಗಲಿ ಎಂದುಕೊಂಡೆ. ಮಾರನೆಯ ದಿನ ನೋಡಿದರೆ ಮ್ಯಾಟ್ ಒದ್ದೆಯಾಗಿಯೇ ಇತ್ತು. ಏಳು ದಿನ ಆ ಕಾರಿನ ಎದುರು ಸ್ಟೂಲು ಹಾಕಿಕೊಂಡು ಕೂತೆ. "ನಂದೇ ತಪ್ಪು ಕಣಮ್ಮ, ಇಳಿ" ಎಂದು ಬೇಡಿದೆ. ನೀರು ಆರಲಿಲ್ಲ. ಹರಿಕೃಷ್ಣನ ಹತ್ತಿರ ಹೋಗದೆ ಬೇರೇನಾದರೂ ಮಾಡಿ ತಪ್ಪಿಸಿಕೊಳ್ಳಬಹುದೇ ಎಂದು ಈ ಮುದಿ ಮನಸ್ಸು ಇನ್ನೂ ನೋಡುತ್ತಿತ್ತು.

ಎಂಟನೆಯ ದಿನ, ಮೊನ್ನೆ ಮಂಗಳವಾರ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಮಿಲ್ಲಿಗೆ ಹೋದೆ. ಬಾಯಲ್ಲಿ ಹೇಳಿದರೆ ಅವನು ಏನೆನ್ನುತ್ತಾನೋ ನನಗೆ ಕೇಳುವುದಿಲ್ಲ, ಅವನೂ ಬರೆದರೆ ಬೈದದ್ದಾದರೂ ತಿಳಿಯುತ್ತದಲ್ಲ. ಹಾಳೆ ಕೈಗೆ ಕೊಟ್ಟು ನಿಂತೆ. ಅವನು ನಿಧಾನವಾಗಿ ಓದಿದ. ನನ್ನನ್ನು ಹೊಡೆಯಲಿಲ್ಲ. ಅದೇ ಹಾಳೆಯ ಹಿಂದೆ ತೆಲುಗಿನಲ್ಲಿ ಬರೆದುಕೊಟ್ಟ. ಕಾರು ಹತ್ತಿದ ಕೂಡಲೇ ಬಾಗಿಲುಗಳ ಲಾಕ್ ಒತ್ತುವುದು ಅವನ ಅಭ್ಯಾಸವಂತೆ. ಅವತ್ತೂ ತಾನೇ ಒತ್ತಿದ್ದೆ, ತನ್ನ ಕಡೆಯದು ಹೇಗೋ ತೆರೆಯಿತು, ತಂಗಿಯ ಕಡೆಯದು ತೆರೆಯಲಿಲ್ಲ, ತಾನೇ ಬೀಗ ಹಾಕಿ ಅವಳನ್ನು ಕೊಂದೆ ಎಂದುಕೊಂಡಿದ್ದನಂತೆ. ಎಂಟು ವರ್ಷ. ಈ ಬೇಸಿಗೆ ಮುಗಿಯುವುದರೊಳಗೆ ತನ್ನ ಕಥೆಯನ್ನೂ ಮುಗಿಸಿಕೊಳ್ಳಬೇಕೆಂದು ಒಂದೊಂದಾಗಿ ಎಲ್ಲ ಮಾರುತ್ತಿದ್ದನಂತೆ, ಕಾರು ಮೊದಲನೆಯದು. ನಾನು ಬಾಯಿ ಬಿಡದೆ ಇದ್ದದ್ದಕ್ಕೆ ಇನ್ನೊಂದು ಜೀವವೂ ಹೋಗುವುದಿತ್ತು ಉಮಾ.

ಬರೆದುಕೊಟ್ಟು ಎದ್ದವನು ನನ್ನ ಶೆಡ್ಡಿನ ಕಡೆಗೇ ನಡೆದ. ನಾನು ಹಿಂದೆ ಹಿಂದೆ ಹೋದೆ. ಮೂರು ಗಂಟೆಯ ಬಿಸಿಲು, ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಅವನು ಕಾರಿನ ಎಡಗಡೆಗೆ ಹೋಗಿ ನಿಂತ. ಅಷ್ಟು ವರ್ಷದಲ್ಲಿ ಅವನು ಆ ಕಡೆ ನಿಂತದ್ದು ಅದೇ ಮೊದಲು. ಬಗ್ಗಿ, ಖಾಲಿ ಸೀಟಿನ ಕಡೆ ಕೈ ಚಾಚಿದ. ನನಗೆ ಕಿವಿ ಇಲ್ಲ, ತುಟಿ ನೋಡಿ ಓದಿಕೊಂಡೆ. "ಬಾ ತನೂ. ಇಳಿ. ಮನೆಗೆ ಹೋಗಾನ" ಎಂದ. ಬಹಳ ಹೊತ್ತು ಹಾಗೇ ನಿಂತಿದ್ದ. ಆಮೇಲೆ ಅವನ ತೋಳು ಸ್ವಲ್ಪ ಕೆಳಕ್ಕೆ ಬಾಗಿತು, ಯಾರೋ ಭಾರ ಬಿಟ್ಟು ಇಳಿದ ಹಾಗೆ.

ಅವನು ಬೀದಿಗಿಳಿದ. ಎಡಗೈಯನ್ನು ಪಕ್ಕಕ್ಕೆ ಹಿಡಿದುಕೊಂಡೇ ಚಿಕ್ಕ ಚಿಕ್ಕ ಹೆಜ್ಜೆ ಹಾಕುತ್ತ, ಏನೋ ಮಾತಾಡುತ್ತ, ನಡುನಡುವೆ ನಗುತ್ತ ಹೋದ. ಧೂಳಿನಲ್ಲಿ ಅವನ ಚಪ್ಪಲಿಯ ಗುರುತಿನ ಪಕ್ಕದಲ್ಲೇ ಬರಿಗಾಲಿನ ಒದ್ದೆ ಹೆಜ್ಜೆ ಒಂದೊಂದಾಗಿ ಮೂಡುತ್ತ ಹೋದವು. ಆ ಬಿಸಿಲಿಗೆ ಹಿಂದಿನದು ಆರುವ ಮೊದಲೇ ಮುಂದಿನದು ಬೀಳುತ್ತಿತ್ತು. ಮ್ಯಾಟ್ ಮುಟ್ಟಿ ನೋಡಿದೆ, ಒಣಗಿತ್ತು.

ನಾನು ಶೆಡ್ಡಿನ ಬಾಗಿಲಲ್ಲಿ ಕೈಮುಗಿದುಕೊಂಡು ನಿಂತಿದ್ದೆ. ತಿರುವಿನವರೆಗೂ ನೋಡಿದೆ. ಇಬ್ಬರೂ ನನ್ನ ಕಡೆ ತಿರುಗಿ ನೋಡಲಿಲ್ಲ.

ತಿಪ್ಪೇಸ್ವಾಮಿ